ತನ್ನ ನಂಬರನ್ನೇ ಬರೆದುಕೊಟ್ಟ ಓಟಗಾರ

ಫಾರಂ ತುಂಬುವುದೆಂದರೆ ನಮ್ಮ ಯಜಮಾನರಿಗೆ ತಲೆನೋವು. ಗ್ಯಾರೇಜಿನಲ್ಲಿ ಲಾರಿಯ ಎಂಜಿನ್ನನ್ನೇ ಬಿಚ್ಚಿ ಜೋಡಿಸುವ ಮನುಷ್ಯ, ಕೈಗೊಂದು ಹಾಳೆ ಬಂದರೆ ಏನೋ ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇರಬಹುದು. ಅದಕ್ಕೇ ಹೇಳುತ್ತಿದ್ದೇನೆ, ಕೇಳಿ.

ಹತ್ತು ವರ್ಷದಿಂದ ಇವರು ರಸ್ತೆ ಓಟಗಾರರಾಗಿದ್ದರು. ಹೋದ ವರ್ಷ ಬೆಟ್ಟದ ಕಾಲುದಾರಿಯಲ್ಲಿ ಐವತ್ತು ಕಿಲೋಮೀಟರ್ ಓಡುವ ಹುಚ್ಚು ಹತ್ತಿತು. ಅಡುಗೆಮನೆಯ ಮೇಜಿನ ಮೇಲೆ ಫಾರಂ ತುಂಬುತ್ತಿದ್ದಾಗ ಪಕ್ಕದ ಮನೆಯ ನರ್ಸ್ ಅಕ್ಕ ಇಣುಕಿ ನೋಡಿದರು.

“ತುರ್ತಿಗೆ ಯಾರನ್ನ ಕರೀಬೇಕು ಅಂತ ಕೇಳಿದ್ದಾರೆ. ನಿಮ್ಮ ನಂಬರೇ ಬರೆದಿದ್ದೀರಲ್ಲ?”

“ಮತ್ತೆ? ನನ್ನ ಫೋನ್ ನನ್ನ ಹತ್ರಾನೇ ಇರುತ್ತೆ ಅಕ್ಕ. ಇವಳಿಗೆ ಮಾಡಿದ್ರೆ ಗಾಬರಿಯಾಗಿ ಇಡೀ ಬೀದೀನೇ ಸೇರಿಸ್ತಾಳೆ.”

“ನೀವು ಎಚ್ಚರ ತಪ್ಪಿದ್ರೆ ಆ ಫೋನ್ ಎತ್ತೋರು ಯಾರು?”

“ಟಾರು ರಸ್ತೇಲಿ ನಲವತ್ತೆರಡು ಕಿಲೋಮೀಟರ್ ಓಡಿದೋನು ನಾನು. ಬೀಳೋಕೆ ಎಳೆ ಮಗೂನಾ?”

“ಮಂಡಿನೋವಿನ ಮಾತ್ರೆ ತಿಂತೀರಲ್ಲ, ಅದನ್ನಾದ್ರೂ ಬರೀರಿ. ಗಂಟೆಗಟ್ಟಲೆ ಬೆವರಿ ಓಡೋವಾಗ ಅದು ಕಿಡ್ನಿಗೆ ಕೆಟ್ಟದ್ದು. ಓಟದ ದಿನ ಮುಟ್ಟಲೇಬೇಡಿ.”

“ನಮ್ಮ ಗುಂಪಲ್ಲಿ ಎಲ್ಲರೂ ನುಂಗ್ತಾರೆ ಬಿಡಿ. ಯಾರಿಗೂ ಏನೂ ಆಗಿಲ್ಲ.”

ನಾನೂ ಇವರ ಜೊತೆ ಸೇರಿ ನಕ್ಕೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ರಸ್ತೆಯಲ್ಲಿ ಎರಡು ಗಂಟೆಯಲ್ಲಿ ಮುಗಿಸುತ್ತಿದ್ದ ದೂರಕ್ಕೆ ಬೆಟ್ಟದಲ್ಲಿ ಐದು ಗಂಟೆ ಹಿಡಿಯಿತಂತೆ. ಸಡಿಲ ಕಲ್ಲು, ಮರದ ಬೇರು, ಉಸಿರು ಕಟ್ಟಿಸುವ ಏರು. ಹಿಂದಿದ್ದವರೆಲ್ಲ ಇವರನ್ನು ದಾಟಿ ಹೋದರು. ಮಂಡಿ ಹಿಡಿದುಕೊಂಡಾಗಲೆಲ್ಲ ಒಂದೊಂದು ಮಾತ್ರೆ, ಒಟ್ಟು ನಾಲ್ಕು ನುಂಗಿದ್ದಾರೆ. ತಂದಿದ್ದ ನೀರು ಯಾವಾಗಲೋ ಖಾಲಿ. ಕೊನೆಗೆ ಒಂದು ಇಳಿಜಾರಿನಲ್ಲಿ ಜಾರಿ ಬಿದ್ದು ಕಾಲು ಮುರಿಯಿತು, ಎಚ್ಚರವೂ ತಪ್ಪಿತು.

ಓಟ ನಡೆಸುವವರು ಫಾರಂ ನೋಡಿ ಫೋನ್ ಮಾಡಿದರು. ಅದು ಇವರ ಬೆನ್ನುಚೀಲದೊಳಗೇ ರಿಂಗಾಯಿತು. ಫೋನ್ ಲಾಕ್ ಆಗಿದ್ದರಿಂದ ಮನೆಯ ನಂಬರ್ ಹುಡುಕಲೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಇವರು ಏನು ನುಂಗಿದ್ದಾರೆಂದು ಹೇಳುವವರೇ ಇರಲಿಲ್ಲ, ಫಾರಂನಲ್ಲೂ ಬರೆದಿರಲಿಲ್ಲ. ಅರೆಎಚ್ಚರದಲ್ಲೇ ನೋವಿನಿಂದ ನರಳುತ್ತಿದ್ದಾರೆಂದು ಅದೇ ಬಗೆಯ ಔಷಧಿಯ ಇಂಜೆಕ್ಷನ್ ಕೊಟ್ಟರು. ಇವರು ಮಾರನೆಯ ದಿನ ಬರುತ್ತೇನೆಂದು ಹೇಳಿ ಹೋಗಿದ್ದರಿಂದ ನನಗೆ ಯಾವ ಚಿಂತೆಯೂ ಇರಲಿಲ್ಲ. ಇವರ ಪದಕ ತೂಗುಹಾಕಲು ನಾನಿಲ್ಲಿ ಗೋಡೆಗೆ ಮೊಳೆ ಹೊಡೆಯುತ್ತಿದ್ದೆ.

ಮಾರನೆಯ ದಿನ ಮಧ್ಯಾಹ್ನ ಇವರಿಗೆ ಎಚ್ಚರವಾದ ಮೇಲೆ ನನಗೆ ಫೋನ್ ಬಂತು. ಅಷ್ಟರಲ್ಲಿ ಕಿಡ್ನಿ ಕೈಕೊಟ್ಟು ಮೂತ್ರ ನಿಂತುಹೋಗಿತ್ತು.

“ನಿನ್ನೇನೇ ನೀವು ಸಿಕ್ಕಿದ್ರೆ ಆ ಇಂಜೆಕ್ಷನ್ ಕೊಡ್ತಿರಲಿಲ್ಲಮ್ಮ” ಎಂದರು ಡಾಕ್ಟರು.

“ನಾನೆಲ್ಲಿ ಹೋಗಿದ್ದೆ ಡಾಕ್ಟ್ರೇ? ಮನೇಲೇ ಇದ್ದೆ.”

ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ಗ್ಯಾರೇಜಿನ ಕೆಲಸ ಹೋಯಿತು. ಮೊನ್ನೆ ನರ್ಸ್ ಅಕ್ಕ ಬಂದಾಗ ಇವರೇ ಬಾಯಿಬಿಟ್ಟು ಒಪ್ಪಿಕೊಂಡರು: “ನೀವು ಹೇಳಿದ್ದೇ ಸರಿ ಅಕ್ಕ.” ಈಗ ಒಪ್ಪಿದರೆ ಬಂದದ್ದೇನು? ನನಗೆ ಇವರ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ, ನನ್ನ ಮೇಲೂ ಇಳಿದಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಓಟವಿರಲಿ, ಕಾರ್ಖಾನೆಯಿರಲಿ, ಪ್ರವಾಸವಿರಲಿ, ತುರ್ತು ನಂಬರ್ ಕೇಳಿದಲ್ಲಿ ನಿಮ್ಮ ಜೊತೆ ಬರದೆ ಮನೆಯಲ್ಲೇ ಉಳಿಯುವವರ ನಂಬರ್ ಬರೆಯಿರಿ. ನೀವು ನುಂಗುವ ಮಾತ್ರೆಗಳ ಹೆಸರು ಅವರಿಗೆ ಗೊತ್ತಿರಲಿ. ಓಡುವ ದಿನ ನೋವಿನ ಮಾತ್ರೆ ನುಂಗಬೇಡಿ. ತಡೆಯಲಾಗದಷ್ಟು ನೋವಾದರೆ ಓಟ ಬಿಟ್ಟು ಕುಳಿತುಕೊಳ್ಳಿ, ಅದರಲ್ಲಿ ಯಾವ ಅವಮಾನವೂ ಇಲ್ಲ. ಗಂಡ ಎಲ್ಲಿ ಬಿದ್ದಿದ್ದಾನೆಂದು ಒಂದು ದಿನ ಕಳೆದ ಮೇಲೆ ತಿಳಿಯುವ ಗತಿ ನನ್ನೊಬ್ಬಳಿಗೇ ಸಾಕು.