ಇನ್ನೊಂದು ಕೆನ್ನೆಯ ಮಚ್ಚೆ

ನಮ್ಮ ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ತಂಗಿ ಹಚ್ಚೆ ಹಾಕುತ್ತಾಳೆ. ಪರದೆಯ ಹಿಂದಿನ ಕುರ್ಚಿಯಲ್ಲಿ ನಾನು ಲೇಸರ್ ಹಿಡಿದು ಹಚ್ಚೆ ತೆಗೆಯುತ್ತೇನೆ. ಒಬ್ಬಳು ಗಂಟು ಹಾಕೋದು, ಇನ್ನೊಬ್ಬಳು ಬಿಚ್ಚೋದು, ನಿಮಗೆ ಕೆಲಸಕ್ಕೇನು ಬರ ಎಂದು ಅಪ್ಪ ನಗುತ್ತಾನೆ. ಇದು ಅವನು ಬೀಗ ರಿಪೇರಿ ಮಾಡುತ್ತಿದ್ದ ಕೋಣೆ. ಈಗಲೂ ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತು, ಬಂದವರ ಕೀಲಿಗೊಂಚಲು ಇಸಿದುಕೊಂಡು, ಯಾವ ಕೀಲಿ ಸವೆದಿದೆ ಎಂದು ಹೇಳದಿದ್ದರೆ ಅವನಿಗೆ ತಿಂದ ಅನ್ನ ಅರಗುವುದಿಲ್ಲ.

ನನ್ನ ಬಾಯಿಯೂ ಸುಮ್ಮನಿರುವಂಥದ್ದಲ್ಲ. ಹುಡುಗಿಯ ಹೆಸರನ್ನು ಕುತ್ತಿಗೆಯ ಮೇಲೆ ಹಾಕಿಸಲು ಬಂದವನನ್ನು ಕಂಡರೆ ಪರದೆ ಸರಿಸಿ ಕೇಳಿಯೇಬಿಡುತ್ತೇನೆ, "ಪರಿಚಯ ಆಗಿ ಎಷ್ಟು ದಿನ ಆಯ್ತಪ್ಪಾ? ಮೊದಲು ಪೆನ್ನಲ್ಲಿ ಬರ್ಕೊಂಡು ಒಂದು ವಾರ ಓಡಾಡು. ಆಮೇಲೂ ಬೇಕು ಅನ್ನಿಸಿದ್ರೆ ಬಾ." ನಾನೇನು ಸುಮ್ಮನೆ ಮೂಗು ತೂರಿಸುವವಳಲ್ಲ, ಕಂಡದ್ದು ಅಷ್ಟಿದೆ. ಪಂದ್ಯ ಮುಗಿಯುವ ಮೊದಲೇ ತನ್ನ ತಂಡ ಗೆದ್ದಿತೆಂದು ತೋಳಿನ ಮೇಲೆ ಕಪ್ ಹಾಕಿಸಿಕೊಂಡವನನ್ನು ಕಂಡಿದ್ದೇನೆ. ಇಬ್ಬರು ಗೆಳತಿಯರು ಅರ್ಧರ್ಧ ಹೃದಯ ಹಾಕಿಸಿಕೊಂಡು, ಆಮೇಲೆ ಜಗಳವಾಡಿ, ಒಬ್ಬರಿಗೊಬ್ಬರು ಎದುರಾಗದ ಹಾಗೆ ಬೇರೆ ಬೇರೆ ದಿನ ನನ್ನ ಹತ್ತಿರ ಬಂದದ್ದೂ ಉಂಟು.

"ಅಕ್ಕಾ, ಬಂದೋರನ್ನ ಓಡಿಸ್ಬೇಡ್ವೇ" ಎಂದು ತಂಗಿ ಹಲ್ಲು ಕಡಿಯುತ್ತಿದ್ದಳು. "ಹಾಕಿಸ್ಕೊಂಡ ಮೇಲೆ ಹೇಗಿದ್ರೂ ನಿನ್ನ ಹತ್ರಾನೇ ಬರ್ತಾರಲ್ಲ!"

ಹಾಗೆ ಅವಳು ನನ್ನನ್ನು ಬೈದು ತಿಂಗಳುಗಳೇ ಆಗಿದ್ದವು. ಅವಳ ಕುರ್ಚಿಯ ಮೇಲೆ ಬಟ್ಟೆ ಮುಚ್ಚಿತ್ತು. ಬಂದವರಿಗೆಲ್ಲ ಕೈನೋವು ಎಂದು ಸುಳ್ಳು ಹೇಳಿ ಕಳಿಸುತ್ತಿದ್ದಳು. ನಿಜವಾಗಿ ಅವಳ ಕೈಗೆ ನೋವಿರಲಿಲ್ಲ, ನಡುಕವಿತ್ತು. ಆ ನಡುಕ ಶುರುವಾದದ್ದು ನರ್ಸಮ್ಮನ ಬೆನ್ನಿನಿಂದ.

ನರ್ಸಮ್ಮ ಎಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ, ಕಡಿಮೆ ಮಾತಿನ ಹೆಂಗಸು. ತೀರಿಹೋದ ತಾಯಿಯ ಮುಖವನ್ನು ಹೆಗಲ ಹಿಂಭಾಗದಲ್ಲಿ ಹಾಕಿಸಿಕೊಳ್ಳಲು ಬಂದಿದ್ದರು. ನನ್ನ ಪ್ರಶ್ನೆಯನ್ನು ಅವರಿಗೆ ಹೇಗೆ ಕೇಳುವುದು? ಚಿತ್ರವನ್ನು ಮೊದಲು ಅಚ್ಚಿನ ಕಾಗದಕ್ಕೆ ಇಳಿಸಿ, ಆ ಕಾಗದವನ್ನು ಚರ್ಮಕ್ಕೆ ಒತ್ತಿದರೆ ಗೆರೆ ಮೂಡುತ್ತದೆ. ಆ ದಿನ ಕಾಗದದಲ್ಲಿ ಮುಖ ಎಡಬಲ ತಿರುಗಿಹೋಗಿತ್ತು. ಅಕ್ಷರವಾಗಿದ್ದರೆ ಕೂಡಲೇ ಗೊತ್ತಾಗುತ್ತಿತ್ತು. ಮುಖ ತಿರುಗಿದರೂ ಮುಖವೇ. ಕೆಲಸ ಮುಗಿದ ಮೇಲೆ ನರ್ಸಮ್ಮ ಗೋಡೆಯ ಕನ್ನಡಿಗೆ ಬೆನ್ನು ಮಾಡಿ, ಹೊರಳಿ ನೋಡಿದರು. ನಾವೂ ಕನ್ನಡಿಯ ಪಕ್ಕ ಫೋಟೋ ಹಿಡಿದು ಹೋಲಿಸಿದೆವು. ಕಣ್ಣು, ಮೂಗು, ಕೆನ್ನೆಯ ಮಚ್ಚೆ ಎಲ್ಲ ಸರಿಯಾಗಿತ್ತು. ಕನ್ನಡಿ ಅದನ್ನು ಮತ್ತೊಮ್ಮೆ ತಿರುಗಿಸಿ ನಮಗೆ ಸರಿ ಮಾಡಿ ತೋರಿಸುತ್ತಿದೆ ಎಂಬುದು ಮೂವರಿಗೂ ಹೊಳೆಯಲಿಲ್ಲ.

ಮನೆಗೆ ಹೋದಾಗ ಅವರ ತಮ್ಮ ನೋಡಿ, ಅಮ್ಮನ ಮಚ್ಚೆ ಆ ಕೆನ್ನೆಯಲ್ಲಿ ಇರಲಿಲ್ಲವಲ್ಲ ಎಂದನಂತೆ.

ಮಾರನೆಯ ದಿನ ನರ್ಸಮ್ಮ ಬಂದು, ಕೂಗಾಡದೆ, ಅಂಗಡಿಯ ನಡುವೆ ನಿಂತು ಅತ್ತರು. ತಂಗಿಯ ಮುಖ ಬಿಳಿಚಿಹೋಯಿತು. ಇಡೀ ಮುಖ ತೆಗೆಯೋಣವೇ ಎಂದು ನಾನು ಕೇಳಿದ್ದಕ್ಕೆ, "ಅಮ್ಮನ್ನ ಅಳಿಸ್ತೀರಾ? ಬೇಡ. ಮಚ್ಚೆ ಒಂದು ಜಾಗ ಬದಲಾದ್ರೆ ಸಾಕು, ಉಳಿದದ್ದೆಲ್ಲ ಅಮ್ಮನೇ" ಎಂದರು. ಅಲ್ಲಿಂದ ತಿಂಗಳುಗಟ್ಟಲೆ ಅವರು ನನ್ನ ಕುರ್ಚಿಗೆ ಬಂದು ಹೋಗಿ, ಆ ಮಚ್ಚೆ ಸ್ವಲ್ಪಸ್ವಲ್ಪವಾಗಿ ಮಾಸಿ ಕೊನೆಗೆ ಇಲ್ಲವಾಯಿತು. ಇನ್ನು ಉಳಿದದ್ದು ಆ ಕಡೆಯ ಕೆನ್ನೆಗೆ ಹೊಸ ಮಚ್ಚೆ. ಒಂದೇ ಒಂದು ಚುಕ್ಕೆ. ಅದಕ್ಕೆ ಸೋಮವಾರ ಬರುತ್ತೇನೆ ಎಂದು ಹೇಳಿ, ಹೋಗುವಾಗ ನನ್ನೊಬ್ಬಳಿಗೇ ಕೇಳುವಂತೆ, "ನಾನೂ ದಿನಾ ಸೂಜಿ ಹಿಡಿಯೋಳೇ. ಕೈ ನಡುಗ್ತಿದ್ರೆ ಹಾಕಿಸ್ಕೊಳ್ಳಲ್ಲ, ಬೇರೆ ಕಡೆ ಹೋಗ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದರು.

ಬೇರೆ ಕಡೆ ಹೋದರೆ ತಂಗಿ ಮತ್ತೆಂದೂ ಸೂಜಿ ಮುಟ್ಟುವುದಿಲ್ಲ. ಅದು ನನಗೆ ಗೊತ್ತಿತ್ತು, ನಾನು ವಿಷಯ ಹೇಳಿದ ಮೇಲೆ ಅಪ್ಪನಿಗೂ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ತಂಗಿ ಅಂಗಡಿಗೆ ಸೋಪು ತರಲು ಹೋಗಿದ್ದಾಗ ಅಪ್ಪ ಪರದೆ ಸರಿಸಿ ಒಳಗೆ ಬಂದು, ನನ್ನ ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮೇಲೇರಿಸಿದ.

"ಇದನ್ನ ತೆಗಿ."

ಅವನು ತೋರಿಸಿದ್ದು ಮೀನನ್ನು. ತಂಗಿ ಕೆಲಸ ಕಲಿತದ್ದೇ ಅಪ್ಪನ ಮೈಮೇಲೆ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಗೆರೆ ಎಳೆಯುತ್ತಿದ್ದವಳಿಗೆ, ಸಿಪ್ಪೆಗೆ ನೋವಾಗಲ್ಲ, ನೋವಾಗೋರ ಮೇಲೆ ಕಲಿ ಎಂದು ತೋಳು ಚಾಚಿದವನು ಅವನು. ಮೊದಲು ಮೂಡಿದ್ದು ಈ ಮೀನು, ನೋಡಿದರೆ ಚಪ್ಪಲಿ ಎನ್ನಬೇಕು. ಆಮೇಲೆ ಮೊಣಕಾಲ ಕೆಳಗೆ ನೆಗಡಿಯಾದ ಹುಲಿ, ಹೊಟ್ಟೆಯ ಮೇಲೆ ಕೋಸಿನಂಥ ಗುಲಾಬಿ, ಬೆನ್ನಿನ ತುಂಬ ಪಟ ಬಿಚ್ಚಿದ ಹಡಗು. ಹಡಗಿನ ಹೊತ್ತಿಗೆ ಅವಳ ಕೈ ಪಳಗಿತ್ತು. ಜಗತ್ತಿನಲ್ಲಿ ಮರುಯೋಚನೆ ಮಾಡಬೇಕಾದ ಹಚ್ಚೆಗಳೆಲ್ಲ ಒಂದೇ ಮೈಮೇಲೆ ಇದ್ದವು, ಆ ಮೈಯ ಯಜಮಾನ ಅವನ್ನು ತೋರಿಸಲಿಕ್ಕೆಂದೇ ಚಳಿಯಲ್ಲೂ ಅರ್ಧ ತೋಳಿನ ಅಂಗಿ ಹಾಕುತ್ತಿದ್ದ.

ನನಗೆ ಪಿತ್ತ ನೆತ್ತಿಗೇರಿತು. "ಅಪ್ಪಾ, ತಲೆ ಕೆಟ್ಟಿದೆಯಾ? ಅವಳೇ ಕುಸಿದು ಕೂತಿದಾಳೆ. ಅವಳು ಹಾಕಿದ ಮೊದಲನೇದನ್ನೇ ನೀನು ಅಳಿಸ್ಕೊಂಡ್ರೆ ಏನಂದ್ಕೋತಾಳೆ? ಇಷ್ಟು ವರ್ಷ ಇಲ್ಲದ ನಾಚಿಕೆ ಈಗ ಬಂತಾ ನಿಂಗೆ?"

"ಮೆತ್ತಗೆ ಮಾತಾಡು. ನಾಚಿಕೆ ಯಾಕೆ? ಜಾಗ ಬೇಕು ಕಣೇ."

"ಎಂಥ ಜಾಗ?"

"ಸೋಮವಾರದೊಳಗೆ ಅವಳು ಎಲ್ಲಾದ್ರೂ ಒಂದ್ನಾಲ್ಕು ಚುಕ್ಕೆ ಹಾಕಿ ಕೈ ಸರಿ ಮಾಡ್ಕೋಬೇಕಲ್ವಾ? ಹೊರಗಿನೋರ ಮೈ ಮುಟ್ಟೋಕೆ ಅವಳಿಗೆ ಧೈರ್ಯ ಇಲ್ಲ. ನನ್ನ ಮೈಮೇಲೆ ಖಾಲಿ ಜಾಗ ಇಲ್ಲ. ಬೆಳಿಗ್ಗೆ ಸ್ನಾನದ ಮನೇಲಿ ಪೂರ್ತಿ ಹುಡುಕಿದೆ." ಸ್ವಲ್ಪ ತಡೆದು ಸೇರಿಸಿದ, "ಪಾದದ ಅಡಿ ಇದೆ. ಆದ್ರೆ ಅಲ್ಲಿ ಮುಟ್ಟಿದ್ರೆ ನಂಗೆ ಕಚಗುಳಿ."

ಏರಿದ ಪಿತ್ತ ಇಳಿಯಿತು. ಆಮೇಲೆ, ಒಂದು ಮೀನು ಹೋಗಲಿಕ್ಕೂ ತಿಂಗಳುಗಳು ಬೇಕು, ನಡುನಡುವೆ ಚರ್ಮ ಸುಧಾರಿಸಿಕೊಳ್ಳಬೇಕು, ನರ್ಸಮ್ಮನಿಗೆ ಎಷ್ಟು ಕಾಲ ಹಿಡಿಯಿತು ಎಂದು ನೀನೇ ನೋಡಿದ್ದೀಯಲ್ಲ ಎಂದು ತಿಳಿಸಿ ಹೇಳಿದೆ.

"ಅದು ಹೊರಗಿನೋರಿಗೆ. ಸ್ವಂತ ಅಪ್ಪನಿಗೂ ಅಷ್ಟೇನಾ?"

ತಮಾಷೆಗೆ ಹೇಳುತ್ತಿದ್ದಾನೆ ಎಂದುಕೊಂಡೆ. ಇಲ್ಲ, ಅವನು ನಿಜಕ್ಕೂ ಆಸೆ ಇಟ್ಟುಕೊಂಡೇ ಬಂದಿದ್ದ. ಮುಖ ಸಪ್ಪೆ ಮಾಡಿಕೊಂಡು ಅಂಗಿಯ ತೋಳನ್ನು ಸರಿಮಾಡಿಕೊಂಡ. ಅವನ ಮೇಲೆ ಉಕ್ಕಿಬಂದ ಪ್ರೀತಿಯನ್ನು ಎಲ್ಲಿಡಬೇಕೋ ತಿಳಿಯದೆ, "ಏಳು, ನನ್ನ ಕುರ್ಚಿ ಬಿಡು" ಎಂದು ಗದರಿದೆ.

ಅವನು ಹೊರಗೆ ಹೋದ ಮೇಲೆ ನನ್ನ ತೋಳು ನೋಡಿಕೊಂಡೆ. ಖಾಲಿ. ಹಚ್ಚೆಯ ಅಂಗಡಿಯಲ್ಲಿ ಇಷ್ಟು ಕಾಲ ಕಳೆದೂ ಒಂದು ಚುಕ್ಕೆ ಹಾಕಿಸಿಕೊಂಡವಳಲ್ಲ ನಾನು. ಊರವರ ಪಶ್ಚಾತ್ತಾಪವನ್ನೆಲ್ಲ ದಿನವಿಡೀ ಉಜ್ಜಿ ಉಜ್ಜಿ, ಯಾವ ಚಿತ್ರ ಕಂಡರೂ ಅದರ ಮೇಲೆ ಲೇಸರ್ ಎಲ್ಲಿಂದ ಶುರು ಮಾಡಬೇಕು ಎಂದೇ ಕಣ್ಣು ಲೆಕ್ಕ ಹಾಕುತ್ತದೆ.

ತಂಗಿ ಸೋಪು ಹಿಡಿದು ಬರುವಷ್ಟರಲ್ಲಿ ನಾನು ಅವಳ ಕುರ್ಚಿಯ ಬಟ್ಟೆ ತೆಗೆದು, ತೋಳು ಚಾಚಿ ಕೂತಿದ್ದೆ.

"ಒಂದು ಚುಕ್ಕೆ ಹಾಕು."

"ಯಾರಿಗೆ? ನಿಂಗಾ?" ಅವಳು ಸೋಪನ್ನು ಎದೆಗೆ ಅವುಚಿಕೊಂಡಳು. "ಮೊದಲು ಪೆನ್ನಲ್ಲಿ ಹಾಕ್ಕೊಂಡು ಒಂದು ವಾರ ಓಡಾಡು ಹೋಗು."

"ಅದು ಬೇರೆಯವರಿಗೆ ಹೇಳೋ ಬುದ್ಧಿ. ಹಾಕ್ತೀಯೋ ಇಲ್ವೋ?"

"ಕೆಟ್ಟೋದ್ರೆ?"

"ತೆಗೆಯೋಳು ನಾನೇ ತಾನೇ? ಮನೇಲೇ ಇದೀನಿ."

ಅವಳು ನಗಲಿಲ್ಲ. ಕೈಯಲ್ಲಿದ್ದ ಸೋಪನ್ನು ಕೆಳಗಿಟ್ಟು, "ಅವರು ಬೈದಿದ್ರೆ ಚೆನ್ನಾಗಿತ್ತು ಅಕ್ಕಾ" ಎಂದಳು. "ಅಮ್ಮನ ಮುಖ ಅದು. ನಾನು ಅದನ್ನ ಇನ್ಯಾರದೋ ಮಾಡ್ಬಿಟ್ಟೆ."

"ಇನ್ಯಾರದೋ ಆಗಿದ್ರೆ ಅವರು ಅಳಿಸು ಅಂತಿದ್ರು. ಮಚ್ಚೆ ಸಾಕು ಅಂದ್ರು. ಅಷ್ಟು ನಂಬಿಕೆ ಇಟ್ಟೋರು ಸೋಮವಾರ ಬರ್ತಾರೆ. ನೀನು ಬಟ್ಟೆ ಮುಚ್ಚಿದ ಕುರ್ಚಿ ತೋರಿಸ್ತೀಯಾ?"

ಅವಳು ಕೆಳಗಿಟ್ಟ ಸೋಪನ್ನು ಎತ್ತಿಕೊಂಡಳು. ಆಮೇಲೆ ಕೈ ತೊಳೆದು, ಗ್ಲೌಸ್ ಹಾಕಿಕೊಂಡು, ಹೊಸ ಸೂಜಿ ಬಿಚ್ಚಿದಳು. ಯಂತ್ರ ಗುಂಯ್ ಎಂದಾಗ ಹೊರಗೆ ಸ್ಟೂಲಿನ ಮೇಲಿದ್ದ ಅಪ್ಪನ ಬೆನ್ನು ನೆಟ್ಟಗಾದದ್ದು ಕಂಡಿತು. ತಿರುಗಿ ನೋಡಲಿಲ್ಲ, ಪುಣ್ಯಾತ್ಮ.

ನೋವಾಯಿತು. ಗಿರಾಕಿಗಳಿಗೆಲ್ಲ ಇರುವೆ ಕಚ್ಚಿದ ಹಾಗೆ ಎಂದು ಸಮಾಧಾನ ಹೇಳುತ್ತಾಳಲ್ಲ, ಅಂಥ ಇರುವೆ ನಾನು ಕಂಡಿಲ್ಲ. ಚುಕ್ಕೆ ಅಂಚು ಒಡೆದು ಹರಡಿತು. ಅವಳ ಕಣ್ಣಲ್ಲಿ ನೀರು ತುಂಬಿತು.

"ನೋಡಿದ್ಯಾ?"

"ನೋಡಿದೆ. ಇನ್ನೊಂದು ಹಾಕು."

ಇನ್ನೊಂದು ಹಾಕಿದಳು. ಅದೂ ಕೆಟ್ಟಿತು. ಆಮೇಲೆ ನಾನು ಹೇಳುವ ಮೊದಲೇ ಅದರ ಪಕ್ಕದಲ್ಲಿ ಮತ್ತೊಂದು. ಒಂದೇ ಚುಕ್ಕೆ ಎಂದು ಶುರುವಾದದ್ದು ಮಣಿಕಟ್ಟಿನಿಂದ ಮೊಣಕೈವರೆಗೆ ಸಾಲಾಗಿ ಹೋಯಿತು. ನಡುವೆ ಎಲ್ಲೋ ಅವಳು ಅಳುವುದನ್ನು ನಿಲ್ಲಿಸಿದ್ದಳು, ನಾಲಿಗೆಯ ತುದಿ ತುಟಿಯ ಮೂಲೆಗೆ ಬಂದಿತ್ತು, ಚಿಕ್ಕವಳಿದ್ದಾಗ ಚಿತ್ರ ಬರೆಯುವಾಗ ಬರುತ್ತಿದ್ದ ಹಾಗೆ. ಸಾಕು ಎನ್ನಲು ನನಗೆ ಮನಸ್ಸಾಗಲಿಲ್ಲ.

ಸೋಮವಾರ ನರ್ಸಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಚೀಲ ಕೆಳಗಿಟ್ಟು, ತಂಗಿಯ ಮುಖ ನೋಡಿ, "ಈಗ ಕೈ ಹೇಗಿದೆ?" ಎಂದು ಕೇಳಿದರು. ತಂಗಿ ನನ್ನ ಕಡೆ ನೋಡಿದಳು. ನಾನು ಬಟ್ಟೆಯ ತೋಳು ಮೇಲೇರಿಸಿ ಕೈಯನ್ನು ಅವರ ಮುಂದೆ ಹಿಡಿದೆ.

ಅವರು ಕನ್ನಡಕ ಹಾಕಿಕೊಂಡು, ನನ್ನ ಮಣಿಕಟ್ಟು ಹಿಡಿದು, ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಮೊದಲ ಚುಕ್ಕೆಯ ಪಕ್ಕ ಬೆರಳಿಟ್ಟು ನಿಧಾನವಾಗಿ ಮೇಲೆ ಬಂದರು. ಹರಡಿದ್ದು, ಓರೆಯಾದದ್ದು, ಸ್ವಲ್ಪ ದೊಡ್ಡದಾದದ್ದು. ಮೊಣಕೈ ಹತ್ತಿರ, ಸಾಲಿನ ಕೊನೆಯಲ್ಲಿ ಬೆರಳು ನಿಂತಿತು. ಅಲ್ಲಿ ಚುಕ್ಕೆಗಳು ದುಂಡಗೆ, ಅಂಚು ತಪ್ಪದೆ ಕೂತಿದ್ದವು.

"ಇಷ್ಟೂ ನೀವು ಹಾಕಿಸ್ಕೊಂಡ್ರಾ?" ಎಂದು ನನ್ನನ್ನು ಕೇಳಿದರು.

"ಹೂಂ."

"ನೋವಾಗ್ಲಿಲ್ವಾ?"

"ಆಯ್ತು."

ಅವರು ನನ್ನ ತೋಳನ್ನು ಮೆಲ್ಲಗೆ ಕೆಳಗಿಳಿಸಿ, ಕನ್ನಡಕ ತೆಗೆದು ಚೀಲದಲ್ಲಿಟ್ಟರು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ತಿರುಗಿ ಕೂತು, ಹೆಗಲಿನಿಂದ ಬಟ್ಟೆ ಜಾರಿಸಿ, ತಂಗಿಗೆ ಬೆನ್ನು ಕೊಟ್ಟರು.

"ನಿಧಾನವಾಗಿ ಹಾಕಮ್ಮ" ಎಂದರು. "ಅವಸರ ಮಾಡಿದ್ರೆ ನಮ್ಮಮ್ಮಂಗೆ ಆಗ್ತಿರಲಿಲ್ಲ."