ಎಡಗಡೆಯ ಜೋಡಿ

ಕರೆಂಟ್ ಬಂದು, ಟಕ್ ಎಂದು ಸೆಟ್‌ಟಾಪ್ ಬಾಕ್ಸ್ ಸದ್ದು ಮಾಡಿತು. ರಾತ್ರಿ ಹತ್ತು ದಾಟಿತ್ತು. ಹೊಸಬಾಳೆಯ ಯಮುನಮ್ಮನ ಪಡಸಾಲೆಯಲ್ಲಿ ಕತ್ತಲಿಗೆ ಬೈಯುತ್ತ ಕೂತಿದ್ದವರೆಲ್ಲ ಟಿವಿಯ ಕಡೆ ತಿರುಗಿದರು. ಚಿತ್ರ ಮೂಡುವಷ್ಟರಲ್ಲಿ ಕಬಡ್ಡಿ ಲೀಗಿನ ಪಂದ್ಯ ಮುಗಿದೇಹೋಗಿತ್ತು. ಒಂದು ಅಂಕದ ಸೋಲು.

"ಕಡೇ ರೇಡು ತೋರಿಸ್ತಾರೆ, ಸುಮ್ನಿರ್ರೀ," ಎಂದ ಪರಶುರಾಮ. ಒಂದು ಕಾಲಕ್ಕೆ ಊರಿನ ತಂಡದಲ್ಲಿ ಆಡಿದವನು. ಈಗ ಆಡುವವರನ್ನೆಲ್ಲ ಬೈಯುವ ಹಕ್ಕು ಅವನದು.

ಲೀಗಿನಲ್ಲಿ ಸೋತ ತಂಡದ ಎಡಗಡೆಯ ಇಬ್ಬರೂ ಇದೇ ಊರಿನವರು. ಕಾರ್ನರಿನಲ್ಲಿ ಹುಚ್ಚಮ್ಮನ ಮಗ ಗಣೇಶ್, ಅವನ ಪಕ್ಕ ಯಮುನಮ್ಮನ ಮಗ ಅರುಣ. ಇಬ್ಬರೂ ಕೈ ಹಿಡಿದು ಚೈನ್ ಕಟ್ಟಿದರೆ ದಾಳಿಗೆ ಬಂದ ಯಾವ ರೇಡರೂ ದಾಟುವುದಿಲ್ಲವೆಂದು ಊರಿಗೆ ನಂಬಿಕೆ. ಆದರೆ ಮುಂದಿನ ವರ್ಷಕ್ಕೆ ಅವರಲ್ಲಿ ಒಬ್ಬನನ್ನೇ ಉಳಿಸಿಕೊಳ್ಳುವುದಾಗಿ ಕೋಚ್ ಹೇಳಿದ್ದ.

ಟಿವಿಯಲ್ಲಿ ರೇಡರ್ ಇಬ್ಬರ ನಡುವೆ ನುಗ್ಗಿ ನಡುಗೆರೆ ಮುಟ್ಟಿದ. ಗಣೇಶ್ ಮಕಾಡೆ ಬಿದ್ದಿದ್ದ.

"ಥೂ! ಚೈನ್ ಕಿತ್ಕೊಂಡು ಒಬ್ನೇ ಹಾರಿದ್ನಲ್ಲ ಮಾರಾಯಾ!" ಎಂದ ಪರಶುರಾಮ.

"ಕಾರ್ನರಾ ಅದು? ಬಾಗ್ಲಿಲ್ಲದ ಕೊಟ್ಟಿಗೆ," ಎಂದ ಕೆಂಪಪ್ಪ. ಎಲ್ಲರೂ ನಕ್ಕರು.

"ಅರುಣ ಪಾಪ, ಎಂತ ಮಾಡ್ತಾನೆ?"

ಬಾಗಿಲ ಬಳಿ ಕೂತಿದ್ದ ಹುಚ್ಚಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

ಅರುಣನ ಅಕ್ಕ ನಾಗಶ್ರೀ ಸೊರಬದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅವಳು ರೇಡರನ್ನು ನೋಡುವುದೇ ಇಲ್ಲ, ತಮ್ಮನ ಕೈಯನ್ನಷ್ಟೇ ನೋಡುತ್ತಾಳೆ. ಎರಡನೇ ಸಲ ಹಿಂದಿನಿಂದ ತೋರಿಸಿದಾಗ ಕಂಡಿತು. ಬೇರೆಯವರಿಗೆ ಅದು ಒಂದು ಗಳಿಗೆಯ ಗೊಂದಲ. ಅರುಣನ ಬೆರಳು ಮೊದಲು ಬಿಚ್ಚಿಕೊಂಡವು. ಗಣೇಶ್ ಹಾರಿದ್ದು ಆಮೇಲೆ. ಚಿಕ್ಕಂದಿನಲ್ಲಿ ದಾರಿಗೆ ಎಮ್ಮೆ ಅಡ್ಡ ಬಂದರೆ ಅವನು ಹೀಗೇ ಅಕ್ಕನ ಕೈ ಬಿಟ್ಟು ಸರಿಯುತ್ತಿದ್ದ. ಆಗಲೂ ಮೊದಲು ಕಿರುಬೆರಳು.

"ನೀ ಓದ್ದೋಳು," ಎಂದು ಹುಚ್ಚಮ್ಮ ಅವಳ ಕಡೆ ವಾಲಿದಳು. "ಇವ್ರು ಹೇಳೋದು ಹೌದೇನೇ?"

"ಸರಿಯಾಗಿ ಕಾಣ್ಲಿಲ್ಲ ಅತ್ತೆ."

ಇನ್ನೊಮ್ಮೆ ತೋರಿಸುತ್ತಾರೇನೋ ಎಂದು ಹುಚ್ಚಮ್ಮ ಕಾದಳು. ಸಾಬೂನಿನ ಜಾಹೀರಾತು ಬಂತು.

ಅವಳನ್ನು ಮನೆಗೆ ಬಿಡಲು ನಾಗಶ್ರೀ ಟಾರ್ಚ್ ಹಿಡಿದು ಹೋದಳು. "ನಿಲ್ಲು, ಬಂದೆ," ಎಂದು ಹುಚ್ಚಮ್ಮ ಒಳಗೆ ಹೋದಾಗ ಅರುಣನ ಫೋನ್ ಬಂತು.

"ಅಕ್ಕಾ, ನೋಡಿದ್ಯಾ?"

"ಇಲ್ಲ ಕಣೋ. ಕರೆಂಟ್ ಹೋಗಿತ್ತು."

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು. "ಕೋಚ್ ಎಲ್ರ ಮುಂದೇನೇ ಗಣೇಶಂಗೆ ಬೈದ್ರು. ಅವ್ನು ಮಾತೇ ಆಡ್ತಿಲ್ಲ."

"ನೀ ಎಂತ ಹೇಳ್ದೆ?"

"ಅಮ್ಮ ಊಟ ಮಾಡಿದ್ಲಾ?" ಎಂದ.

ಹುಚ್ಚಮ್ಮ ಮಾವಿನಮಿಡಿ ಉಪ್ಪಿನಕಾಯಿಯ ಬಾಟಲಿ ತಂದು ಅವಳ ಕೈಗಿಟ್ಟಳು. "ನಾಳೆ ಅರುಣಂಗೆ ಪಾರ್ಸೆಲ್ ಹಾಕ್ತೀಯಲ್ಲ, ಇದ್ನೂ ಸೇರ್ಸು. ಇದೊಂದೇ ಉಳ್ದಿದ್ದು. ಇಬ್ರೂ ಒಟ್ಟಿಗೆ ತಿನ್ಲಿ."

"ಅತ್ತೆ…"

"ಎಂತಾ?"

ಟಾರ್ಚಿನ ಬೆಳಕು ಹುಚ್ಚಮ್ಮನ ಬರಿಗಾಲಿನ ಮೇಲಿತ್ತು.

"ಮುಚ್ಚಳ ಸಡಿಲ ಇದೆ."

"ಬಿಗಿ ಮಾಡ್ಕೋ."

ನಾಗಶ್ರೀ ಬಿಗಿ ಮಾಡಿದಳು. ಟಿವಿಯಲ್ಲಿ ಕಂಡದ್ದನ್ನು ಅಮ್ಮನಿಗೆ ಹೇಳುವುದಿಲ್ಲ, ಅರುಣನಿಗೂ ಹೇಳುವುದಿಲ್ಲ, ಯಾರಿಗೂ ಇಲ್ಲ ಎಂದು ಗೇಟು ದಾಟುವಾಗ ನಿರ್ಧರಿಸಿದಳು. ಬಾಟಲಿಯ ಎಣ್ಣೆ ಬೆರಳಿಗೆಲ್ಲ ಹತ್ತಿತ್ತು. ಸೆರಗಿಗೆ ಒರೆಸಿಕೊಳ್ಳದೆ, ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಮನೆಯವರೆಗೂ ನಡೆದಳು.