ಕಡಿಯಬೇಕಾದ ಹಗ್ಗ

ಭಾರ, ಒಳ್ಳೇ ಭಾರ, ಹಗ್ಗ ಸುತ್ತುವ ವಿಂಚ್ ಮುಲುಗುತ್ತಿದೆ, ಉಕ್ಕಿನ ಹಗ್ಗ ಬಿಗಿದು ಹನಿ ಚಿಮ್ಮಿಸುತ್ತಿದೆ, ವಿಲ್ಫ್ ಕ್ಯಾಚ್‌ಪೋಲ್‌ನ ಅಂಗೈಗೆ ಖುಷಿಯೋ ಖುಷಿ — ಇಪ್ಪತ್ತು ವರ್ಷ ಹಗ್ಗದ ಆ ತುದಿಯಲ್ಲಿ ಬಲೆ ಇತ್ತು, ಭಾರ ಅಂದರೆ ಮೀನು, ಭಾರ ಅಂದರೆ ಲೋಸ್ಟಾಫ್ಟ್ ಬಂದರಿನಲ್ಲಿ ನಗುವ ಹೆಂಡತಿ ಮಾಬೆಲ್ — ಈಗ ಅಲ್ಲಿರುವುದು ಹಲ್ಲಿನ ಕತ್ತರಿ, ಜರ್ಮನರು ತಳಕ್ಕೆ ಬಿಗಿದ ಕಡಲಬಾಂಬುಗಳ ಸರಪಳಿ ತುಂಡರಿಸುವುದಕ್ಕೆ, ಹನ್ನೊಂದು ತಿಂಗಳಲ್ಲಿ ಇಪ್ಪತ್ಮೂರು ಬಾಂಬು ಬಾಚಿದೆ ಈ ‘ಗರ್ಲ್ ಎಡಿತ್’ ಮೀನುಹಡಗು, ಯುದ್ಧಕ್ಕೆಂದು ನೌಕಾದಳದವರು ಬೂದು ಬಣ್ಣ ಬಳಿದು ತೋಪು ಕೂರಿಸಿದರೂ ಮೀನಿನ ವಾಸನೆ ಬಿಡದ ಮುದುಕಿ, ಭಾರ ಅನ್ನಿಸಿದರೆ ವಿಂಚ್ ನಿಲ್ಲಿಸಬೇಕು, ಅದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ, ಕೈ ಎಳೆಯುತ್ತಲೇ ಇದೆ, ಹಿಂಬದಿಯ ನೀರು ಉಬ್ಬಿತು, ಕರೀ ಬೆನ್ನೊಂದು ಹೊರಳಿತು, ಹಗ್ಗ ಸುತ್ತಿಕೊಂಡ ಬಾಂಬು, ಮೈಮೇಲೆ ಕೊಂಬು, ಕೊಂಬು ಹಡಗಿಗೆ ತಾಗಿ ಜಜ್ಜಿಹೋದರೆ ಹದಿನಾಲ್ಕು ಜನರೂ ಚೂರು — ವಿಂಚ್ ನಿಂತಿತು, ಕೊಡಲಿ ಯಾವಾಗ ಕೈಗೆ ಬಂತೋ, ಅಲೆ ಎದ್ದರೆ ಕೊಂಬು ಒಂದು ಮಾರು ದೂರ, ಇಳಿದರೆ ಒಂದು ಮೊಳ, ತಡಿಯೋ ವಿಲ್ಫ್, ಕಡೀಬೇಡ, ಮೆಲ್ಲಗೆ ಬಿಡಿಸ್ಕೊಳ್ಳೋಣ, ಮೇಲಿನಿಂದ ಜೇಬೆಜ್ ಮಾವ, ಹಡಗಿನ ಯಜಮಾನ, ಮಾಬೆಲ್‌ಳ ಅಪ್ಪ, ನಲವತ್ತು ವರ್ಷದಲ್ಲಿ ಒಂದು ಗೇಣು ಹಗ್ಗ ಸಮುದ್ರಕ್ಕೆ ಬಿಟ್ಟವನಲ್ಲ, ಬಿರುಗಾಳಿಯಲ್ಲೂ ಬಲೆಯನ್ನು ಹಲ್ಲು ಕಚ್ಚಿ ಎಳೆದವನು, ಬಲೆ ಕತ್ತರಿಸೋನು ಹೆಂಗಸರ ಜತೆ ಮೀನು ಸೀಳೋಕೆ ಹೋಗ್ಲಿ ಎಂದು ಮದುವೆಯ ದಿನವೇ ವಿಲ್ಫ್‌ನ ಕಿವಿ ಹಿಂಡಿದವನು, ಮಾವ, ಇದು ಬಲೆಯಲ್ಲ, ಕಡೀತೀನಿ, ಕಡಿದ್ಯೋ ನನ್ನ ಮನೆ ಹೊಸಿಲು ತುಳೀಬೇಡ, ಆಗ್ಲಿ ಮಾವ, ತುಳಿಯೋಕೆ ಕಾಲಾದ್ರೂ ಉಳೀಲಿ — ಒಂದು ಏಟು, ಕಿಡಿ, ಕೊಂಬು ಮೇಲೆ, ಎರಡು, ಎಳೆಗಳು ಪಟಪಟ ಬಿಚ್ಚಿದವು, ಕೊಂಬು ಕೆಳಗೆ, ಕೈಯೇ, ಕೇಳು ನನ್ನ ಮಾತು, ಇದೊಂದು ಸಲ ಕೇಳು, ಮೂರು, ಹಗ್ಗ ಶಿಳ್ಳೆ ಹೊಡೆದು ಕಿವಿಯ ಪಕ್ಕವೇ ಹಾದು ನೀರಿಗೆ ಹೋಯಿತು, ಹಡಗು ನೆಗೆದು ಮುಂದೆ ಓಡಿತು, ಎಲ್ಲರೂ ಕೂಗುತ್ತಿದ್ದಾರೆ, ಯಾರೋ ಬೆನ್ನು ಗುದ್ದುತ್ತಿದ್ದಾರೆ, ಹೋಯ್ತಲ್ಲೋ ನನ್ನ ಹಗ್ಗ, ಮಾವ ಅಳುತ್ತಲೋ ನಗುತ್ತಲೋ ಅಪ್ಪಿಕೊಂಡಿದ್ದಾನೆ, ಬದುಕಿದೆವು, ವಿಲ್ಫ್‌ಗೆ ಕುಣಿಯಬೇಕೆನ್ನಿಸುತ್ತಿದೆ, ಮಾಬೆಲ್, ಬದುಕಿದೆವು ಕಣೇ, ಹಿಂದೆ ಬಾಂಬು ನಿಧಾನವಾಗಿ ಮಗ್ಗುಲು ತಿರುಗುತ್ತಿದೆ, ಇಷ್ಟು ಹೊತ್ತು ನೀರಿನಡಿ ಇದ್ದ ಮಗ್ಗುಲು, ಅಲ್ಲೂ ಒಂದು ಕೊಂಬು, ಜಜ್ಜಿ ಚಪ್ಪಟೆಯಾದ ಕೊಂಬು, ತಾಗಿದೆ, ಆಗಲೇ ತಾಗಿದೆ, ಸಿಡಿದಿಲ್ಲ, ಯಾಕೋ ಸಿಡಿದಿಲ್ಲ, ತುದಿಯಲ್ಲಿ ಇವರ ಹಡಗಿನ ಬೂದು ಬಣ್ಣ, ಆ ಕೊಂಬು, ಬೂದು ಬಣ್ಣ ಮೆತ್ತಿದ ಆ ಕೊಂಬು